ಸೀದ ಬೆಳ್ಳುಳ್ಳಿ

ಸೇಡು ತೀರಿಸಿಕೊಳ್ಳಲು ಹೊರಟವರು ಮೊದಲು ನೆಲ ಸಮತಟ್ಟಾಗಿದೆಯೇ ಎಂದು ನೋಡಿಕೊಳ್ಳಬೇಕು. ಸೂಜಿ ಎಂಬವಳು ಅದನ್ನು ನೋಡಿಕೊಂಡಿರಲಿಲ್ಲ.

ಲಾಂಚು ಬಂದು ನಿಲ್ಲುವ ಕಡವಿನಲ್ಲಿ, ರಸ್ತೆಯ ಈ ಬದಿಗೆ ತನ್ನ ಹೊಸ ತಳ್ಳುಗಾಡಿಯನ್ನು ನಿಲ್ಲಿಸಿ, ಬೆಂಕಿಪೆಟ್ಟಿಗೆಗಾಗಿ ಚೀಲದೊಳಗೆ ಕೈ ಹಾಕಿದ್ದಳಷ್ಟೇ. ಗಾಡಿ ತನ್ನ ಪಾಡಿಗೆ ತಾನು ಹೊರಟಿತು. ಹೋಗುವುದಾದರೂ ಎಲ್ಲಿಗೆ? ಯಾವ ಅಂಗಡಿಯನ್ನು ಮುಚ್ಚಿಸಬೇಕೆಂದು ಅವಳು ಇಷ್ಟು ದೂರ ಬಂದಿದ್ದಳೋ, ನೆಟ್ಟಗೆ ಆ ಅಂಗಡಿಯ ಬಾಗಿಲಿಗೇ.

ಒಳಗಿನಿಂದ ಜಾಲರಿ ಸೌಟು ಹಿಡಿದವನೊಬ್ಬ ಹೊರಗೆ ಬಂದು ಗಾಡಿಯನ್ನು ಸೊಂಟದಿಂದಲೇ ತಡೆದ. ಉರುಳಿಬಿದ್ದ ಈರುಳ್ಳಿಗಳನ್ನು ಒಂದೊಂದಾಗಿ ಆರಿಸಿ ಗಾಡಿಯ ಮೇಲಿಟ್ಟ.

"ಗಾಡಿಗೆ ನಮ್ಮಂಗಡಿ ಹಿಡಿಸಿದ ಹಾಗಿದೆ," ಅಂದ.

"ಗಾಡಿಗೆ ಬುದ್ಧಿ ಇಲ್ಲ," ಅಂದಳು ಸೂಜಿ.

ಅವನು ಗಾಡಿಯನ್ನು ತಾನೇ ತಳ್ಳಿಕೊಂಡು ಬಂದು ಅದರ ಜಾಗದಲ್ಲಿ ನಿಲ್ಲಿಸಿ, ಎಲ್ಲಿಂದಲೋ ಒಂದು ಇಟ್ಟಿಗೆ ತಂದು, ಕಾಲಿನಿಂದಲೇ ಚಕ್ರದ ಕೆಳಗೆ ಒತ್ತಿದ. ಸೂಜಿ ಬಗ್ಗಿ ಅದನ್ನು ಕಿತ್ತು ಪಕ್ಕಕ್ಕಿಟ್ಟಳು. ಶತ್ರುವಿನ ಇಟ್ಟಿಗೆಯೂ ಬೇಡ. ಗಾಡಿ ಮತ್ತೆ ಸಣ್ಣಗೆ ಅಲುಗಿತು. ಅವನು ಗಾಡಿಯನ್ನು ನೋಡಿದ, ಅವಳನ್ನು ನೋಡಿದ. ತುಟಿ ನಗಲಿಲ್ಲ, ಕಣ್ಣು ಮಾತ್ರ ಧಾರಾಳವಾಗಿ ನಕ್ಕಿತು. ಕೊನೆಗೆ ಸೂಜಿಯೇ ಇಟ್ಟಿಗೆಯನ್ನು ಎತ್ತಿ ಸ್ವಸ್ಥಾನದಲ್ಲಿಟ್ಟಳು. ಮೊದಲ ದಿನದ ಮೊದಲ ಸೋಲು ಅದು.

ಸೂಜಿ ಅನ್ನುವುದು ಅಪ್ಪ ಇಟ್ಟ ಅಡ್ಡಹೆಸರು. ಅಪ್ಪ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದವರು. ಶಾಲೆಗೆ ರಜೆ ಬಂತೆಂದರೆ ಹತಾರದ ಪೆಟ್ಟಿಗೆ ಎತ್ತಿಕೊಂಡು, ಹೆಂಡತಿ ಮಗಳನ್ನೂ ಕರೆದುಕೊಂಡು ಊರೂರು ಬಸ್ಸಿನಲ್ಲಿ ತಿರುಗುತ್ತಿದ್ದರು. ಸೂಜಿಗೆ ಆ ಊರುಗಳೆಲ್ಲ ನೆನಪಿರುವುದು ನಾಲಿಗೆಯ ಮೂಲಕ. ಒಂದು ಊರೆಂದರೆ ಕೆಂಡದ ಮೇಲೆ ಸುಟ್ಟ ಜೋಳ. ಇನ್ನೊಂದೆಂದರೆ ಬಸ್ಸಿನ ಕಿಟಕಿಯಲ್ಲಿ ಮೊಣಕೈವರೆಗೆ ರಸ ಇಳಿಸಿಕೊಂಡು ತಿಂದ ಕಲ್ಲಂಗಡಿ. ಎಲ್ಲ ಊರಲ್ಲೂ ಜೊತೆಗಿರುತ್ತಿದ್ದುದು ಅಮ್ಮನ ಗಾಜಿನ ಭರಣಿ, ಅದರೊಳಗೆ ಅಮ್ಮ ಅರೆದ ಕೆಂಪು ಖಾರ. ಬೇಯಿಸಿದ ಮೊಟ್ಟೆಗೂ ಅದೇ, ಒಣ ಬ್ರೆಡ್ಡಿಗೂ ಅದೇ. "ಖಾರ ಇದ್ರೆ ಕಲ್ಲೂ ಕರಗುತ್ತೆ," ಅನ್ನುತ್ತಿದ್ದರು ಅಪ್ಪ.

ಒಂದು ರಜೆಯಲ್ಲಿ ಈ ಕಡವಿನ ಲಾಂಚು ಕೆಟ್ಟು ನಿಂತಿತು. ಬಸ್ಸು ಇಳಿದ ಜನವೆಲ್ಲ ಇಡೀ ದಿನ ದಡದಲ್ಲೇ ಕೂರಬೇಕಾಯಿತು. ಅಲ್ಲಿದ್ದುದು ಒಂದೇ ಅಂಗಡಿ. ಬನ್ನಿನೊಳಗೆ ಹುರಿದ ಮೀನು ಇಟ್ಟು ಮಾರುತ್ತಿದ್ದ ಅದರ ಯಜಮಾನನಿಗೆ ತುಂಬು ಮೀಸೆಯಿತ್ತು, ಅವನ ಮೀನಿಗೆ ಮಾತ್ರ ಉಪ್ಪೂ ಇಲ್ಲ, ಹುಳಿಯೂ ಇಲ್ಲ. ಭರಣಿ ಖಾಲಿಯಾದಾಗ ಅಮ್ಮ ತಡೆಯಲಾರದೆ ಒಳಗೆ ಹೋಗಿ, "ಸ್ವಲ್ಪ ಸರೀರಿ ಅಣ್ಣ," ಎಂದು ಒಲೆಯ ಮುಂದೆ ಕೂತು, ಬೆಳ್ಳುಳ್ಳಿ ಹುರಿದು, ಮೆಣಸು ನೆನೆಸಿ, ನಿಂಬೆ ಹಿಂಡಿ, ಇಡೀ ಕಡವಿಗಾಗುವಷ್ಟು ಖಾರ ಅರೆದಳು. ಮೀಸೆ ಯಜಮಾನ ಪಕ್ಕದಲ್ಲಿ ನಿಂತು ರೆಪ್ಪೆ ಬಡಿಯದೆ ನೋಡಿದ. ಜನ ಬೆರಳು ಚೀಪಿಕೊಂಡು ತಿಂದರು.

ಮರುವರ್ಷ ಬಂದಾಗ ಅಂಗಡಿಯ ಮುಂದೆ ಇಷ್ಟುದ್ದ ಸಾಲು. ಮೇಲೊಂದು ಬೋರ್ಡು: ಅಜ್ಜಿಯ ಕೈ ಖಾರ. ಅಮ್ಮನಿಗೆ ಸಿಟ್ಟೇನೂ ಬರಲಿಲ್ಲ, ಸಂತೋಷವೇ ಆಗಿತ್ತು. ಬನ್ನು ಕೈಗೆ ಬಂದಾಗ, "ಅಣ್ಣ, ಇದು ನಂದಲ್ವಾ?" ಎಂದು ನಗುತ್ತಲೇ ಕೇಳಿದಳು. ಯಜಮಾನ ಮೀಸೆ ತೀಡಿ, ಸಾಲಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಅಂದ: "ಬಸ್ಸು ಇಳಿದೋರೆಲ್ಲ ನನ್ನ ಖಾರಕ್ಕೆ ತಾಯಂದಿರೇ!"

ಸಾಲು ಗೊಳ್ಳೆಂದು ನಕ್ಕಿತು. ಅಮ್ಮ ಬಾಯಿಯ ಹತ್ತಿರ ಒಯ್ದಿದ್ದ ಬನ್ನನ್ನು ಕಟ್ಟೆಯ ಮೇಲಿಟ್ಟು, ಮಗಳ ಕೈ ಹಿಡಿದು ಬಸ್ಸು ಹತ್ತಿದಳು. ಆಮೇಲೆ ಅವಳು ಖಾರ ಅರೆಯಲಿಲ್ಲ. ಭರಣಿಗೆ ಅಪ್ಪನ ಪೆಟ್ಟಿಗೆಯಲ್ಲಿದ್ದ ಅಂಗಿ ಗುಂಡಿಗಳನ್ನು ತುಂಬಿದಳು.

ಅಮ್ಮ ಮರೆತಳೋ ಏನೋ, ಮಗಳು ಮರೆಯಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ದುಡಿಯುತ್ತ, ದೊಡ್ಡ ಬಾಣಲೆಯ ಮುಂದೆ ನಿಂತಾಗಲೆಲ್ಲ ಆ ನಗುವೇ ಕಿವಿಯಲ್ಲಿ ಕುದಿಯುತ್ತಿತ್ತು. ಅದೇ ಕಡವು, ಎದುರಿಗೇ ಗಾಡಿ, ಅಮ್ಮನ ಅಸಲಿ ಖಾರ. ಮೀಸೆ ಯಜಮಾನ ನೊಣ ಹೊಡೆಯುತ್ತ ಕೂರಬೇಕು. ಅಷ್ಟಾದರೆ ಸಾಕು.

ಈಗ ಯಜಮಾನ ಗಲ್ಲಾಪೆಟ್ಟಿಗೆಯ ಹಿಂದೆ ಕೂರುವಷ್ಟು ಮುದುಕನಾಗಿದ್ದ, ಮೀಸೆಗೆ ಮಾತ್ರ ಮುಪ್ಪು ಬಂದಿರಲಿಲ್ಲ. ಒಲೆಯ ಮುಂದಿದ್ದವನು ಅವನ ಮಗ. ಮೂತಿಯ ಮೇಲೆ ಒಂದೆಳೆ ಕೂದಲಿಲ್ಲದಿದ್ದರೂ ಕಡವಿನವರು ಅವನನ್ನು ಕರೆಯುತ್ತಿದ್ದುದು ಮರಿಮೀಸೆ ಎಂದೇ.

ಆದರೆ ತಾನೊಂದು ಬಗೆದರೆ ದೈವವೊಂದು ಬಗೆಯಿತು. ಜನ ಸೂಜಿಯ ಗಾಡಿಗೆ ಬಂದರು, ತಿಂದರು, ಚೆನ್ನಾಗಿದೆ ಎಂದರು, ಮರುದಿನ ಮತ್ತೆ ಎದುರಂಗಡಿಯ ಸಾಲಿನಲ್ಲೇ ನಿಂತರು. ಲಾಂಚಿನ ಟಿಕೆಟ್ ಹರಿಯುವ ಮುದುಕನನ್ನು ಎಲ್ಲರೂ ಟಿಕೆಟ್ ಮಾಮ ಅನ್ನುತ್ತಿದ್ದರು. ಅವನೇ ಒಂದು ದಿನ ಬಾಯಿ ಒರೆಸಿಕೊಳ್ಳುತ್ತ, "ಮಗಳೇ, ನಿನ್ನ ಖಾರ ಚೆನ್ನ. ಆದ್ರೆ ಇದು ಕಡವಿನ ರುಚಿ ಅಲ್ಲ," ಅಂದ.

ಕಡವಿನ ರುಚಿಯೆಂದರೇನೆಂದು ತಿಳಿಯಲು ಸೂಜಿ ಅವನ ಕೈಯಲ್ಲೇ ಎದುರಂಗಡಿಯ ಬನ್ನು ತರಿಸಿದಳು. ಒಂದು ತುತ್ತು ಕಚ್ಚಿದಳು. ಅಮ್ಮನ ಕೈಯೇ. ಆದರೆ ಕೊನೆಯಲ್ಲಿ ಒಂದು ಕಹಿ, ಹೊಗೆಯಾಡುವ ಕಹಿ. ಬೆಳ್ಳುಳ್ಳಿ ಸೀದಿತ್ತು. ಒಮ್ಮೆ ಕೈತಪ್ಪಿ ಆದದ್ದಲ್ಲ ಅದು, ಬೇಕೆಂದೇ ಹದವಾಗಿ ಕಪ್ಪಾಗಿಸಿದ್ದು.

ಆಗ ನೆನಪಾಯಿತು. ಆ ಲಾಂಚು ಕೆಟ್ಟ ದಿನ ಅಮ್ಮ ಬೆಳ್ಳುಳ್ಳಿ ಹುರಿಯುತ್ತಿದ್ದಾಗ ಹೊರಗೆ ಯಾರೋ ಕೂಗಿದ್ದರು. ನೀರಿನ ಅಂಚಿಗೆ ಹೋಗಿದ್ದ ಸೂಜಿಯನ್ನು ಎಳೆದು ತರಲು ಅಮ್ಮ ಒಲೆ ಬಿಟ್ಟು ಓಡಿದ್ದಳು. ವಾಪಸು ಬರುವಷ್ಟರಲ್ಲಿ ಬೆಳ್ಳುಳ್ಳಿ ಕರಿಯಾಗಿತ್ತು. "ಅಯ್ಯೋ, ಸೀದೇಹೋಯ್ತಲ್ಲ," ಎಂದು ದಿನವಿಡೀ ಪೇಚಾಡಿದ್ದಳು. ರೆಪ್ಪೆ ಬಡಿಯದೆ ನೋಡಿದವನು ಅದನ್ನೂ ಕಲಿತಿದ್ದ. ಇಷ್ಟು ವರ್ಷ ಅಮ್ಮನ ತಪ್ಪನ್ನೂ ಭಕ್ತಿಯಿಂದ ಸೀಯಿಸಿ ಮಾರಿದ್ದ. ಕದ್ದವನು ಗುಟ್ಟೆಂದುಕೊಂಡು ಬಚ್ಚಿಟ್ಟುಕೊಂಡದ್ದೇ ಅವನ ಕಳ್ಳತನಕ್ಕೆ ಸಾಕ್ಷಿಯಾಗಿತ್ತು.

ತಾನೂ ಸೀಯಿಸಿದರೆ ಮಾರನೇ ದಿನವೇ ಸಾಲು ಈ ಕಡೆಗೆ ತಿರುಗುತ್ತದೆ. ಒಂದು ಬೆಳಿಗ್ಗೆ ಬೆಳ್ಳುಳ್ಳಿಯನ್ನು ಕಪ್ಪಾಗಿಸಿಯೂ ನೋಡಿದಳು. ಆಮೇಲೆ ಅಷ್ಟನ್ನೂ ನೀರಿಗೆ ಸುರಿದಳು. ಅಮ್ಮನ ಮಗಳು ಅಮ್ಮನ ಖಾರ ಕದ್ದವನನ್ನೇ ನಕಲು ಮಾಡುವುದೇ?

ಈ ನಡುವೆ ಇನ್ನೊಂದು ಪೀಡೆ. ದಿನಾ ಮಧ್ಯಾಹ್ನ ಸಾಲು ಕರಗಿದ ಮೇಲೆ ಮರಿಮೀಸೆ ರಸ್ತೆ ದಾಟಿ ಬಂದು ಅವಳ ಗಾಡಿಯಲ್ಲಿ ತಿನ್ನುತ್ತಿದ್ದ. ತನ್ನ ಅಂಗಡಿ ಇದ್ದೂ ಕಾಸು ಕೊಟ್ಟು, ನಿಂತುಕೊಂಡು, ಕಣ್ಣು ಅರೆಮುಚ್ಚಿ. ತಿಂದು ಮುಗಿಸಿ ಬೆರಳ ತುದಿಯ ಖಾರವನ್ನು ನಿಧಾನಕ್ಕೆ ನೆಕ್ಕಿ, ಪ್ರತಿದಿನವೂ ಅದೇ ಮಾತು.

"ಚೆನ್ನಾಗಿದೆ ರೀ. ಏನೋ ಕಮ್ಮಿ."

"ಏನು ಕಮ್ಮಿ?"

"ಗೊತ್ತಾಗ್ತಿಲ್ಲ. ನಾಳೆ ನೋಡೋಣ."

ಅವನು ಹೋದ ಮೇಲೆ ಸೂಜಿ ಹಲ್ಲು ಮಸೆಯುತ್ತ ಈರುಳ್ಳಿ ಕೊಚ್ಚುತ್ತಿದ್ದಳು. ಮಸೆದರೇನು, ಮಧ್ಯಾಹ್ನವಾಗುತ್ತಲೇ ಮೀನಿನ ಅತ್ಯುತ್ತಮ ತುಂಡೊಂದನ್ನು ಬೇರೆ ಎತ್ತಿಡುತ್ತಿದ್ದ ಕೈ ಅವಳದೇ. ಹೊಗೆಯ ನಡುವೆ ಅವನು ತಲೆಯೆತ್ತಿದಾಗ ಇವಳ ಕಣ್ಣು ಅಲ್ಲೇ ಇರುತ್ತಿತ್ತು. ಸಿಕ್ಕಿಬಿದ್ದದ್ದಕ್ಕೆ ಅವಳಿಗೆ ಅವನ ಮೇಲೇ ಕೋಪ. ಶತ್ರುವಿನ ಮಗ ಸುಂದರನಾಗಿರುವುದೂ ಒಂದು ಮೋಸವೇ ಎಂದು ಅವಳಿಗೆ ಅನಿಸಿತು.

ಕೋಪ ಮೆತ್ತಗಾಗುವ ಮೊದಲೇ ಕೆಲಸ ಮುಗಿಸಬೇಕು. ಸಂಜೆಯ ದೊಡ್ಡ ಲಾಂಚಿಗೆ ಜನ ಕಿಕ್ಕಿರಿದಿದ್ದ ಹೊತ್ತು ನೋಡಿ, ಸೂಜಿ ಒಲೆ ಆರಿಸಿ ರಸ್ತೆ ದಾಟಿ, ಸಾಲಿನ ತಲೆಗೇ ಹೋಗಿ ನಿಂತಳು.

"ಬೆಳ್ಳುಳ್ಳಿ ಯಾಕೆ ಸೀಯಿಸ್ತೀರಿ?" ಎಂದು ಎಲ್ಲರಿಗೂ ಕೇಳುವಂತೆ ಕೇಳಿದಳು.

"ಅಜ್ಜಿ ಕಾಲದಿಂದ ಹಾಗೇ," ಅಂದ ಮರಿಮೀಸೆ, ನಗುತ್ತ.

"ಯಾವ ಅಜ್ಜಿ?"

ಆಮೇಲೆ ಅವಳು ನಿಲ್ಲಿಸಲಿಲ್ಲ. ಕೆಟ್ಟ ಲಾಂಚು, ಖಾಲಿಯಾದ ಭರಣಿ, ಒಲೆ ಬಿಟ್ಟು ಓಡಿದ ಅಮ್ಮ, ಕಪ್ಪಾದ ಬೆಳ್ಳುಳ್ಳಿ, ಮರುವರ್ಷದ ಬೋರ್ಡು, ಕಟ್ಟೆಯ ಮೇಲೆ ಉಳಿದ ಬನ್ನು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಗಲ್ಲಾದ ಹಿಂದೆ ಮುದುಕನ ಕೈ ಮೀಸೆಗೆ ಹೋಯಿತು.

"ಬಸ್ಸು ಇಳಿದೋರೆಲ್ಲ..." ಎಂದು ಶುರು ಮಾಡಿದ. ಅಲ್ಲೊಬ್ಬ ಇಲ್ಲೊಬ್ಬ ಆಗಲೇ ನಗಲು ಬಾಯಿ ತೆರೆದಿದ್ದರು.

"ಅಪ್ಪ," ಅಂದ ಮಗ. ಅವನ ಕೈ ತನ್ನ ಕಿವಿಯ ಮೇಲಿತ್ತು. "ನೀರಿನ ಹತ್ತಿರ ಹೋಗಿದ್ದು ಅವಳೊಬ್ಬಳೇ ಅಲ್ಲ. ಬಕೆಟ್ಟಲ್ಲಿ ಏಡಿ ತೋರಿಸ್ತೀನಿ ಅಂತ ಕರ್ಕೊಂಡು ಹೋಗಿದ್ದು ನಾನು. ಆಯಮ್ಮ ಇಬ್ಬರ ಕಿವಿನೂ ಹಿಂಡಿದ್ರು. ಆಮೇಲೆ ಮೊದಲ ತುತ್ತು ನನ್ನ ಬಾಯಿಗೇ ಇಟ್ರು. ಅವರು ಯಾರು ಅಂತ ಕೇಳಿದ್ರೆ ನೀನು ಯಾವತ್ತೂ ಹೇಳ್ಲಿಲ್ಲ."

ಮರಿಮೀಸೆ ಸ್ಟೂಲು ಹತ್ತಿ ಬೋರ್ಡು ಇಳಿಸಿ, ಸಾಲಿನ ಕಡೆ ತಿರುಗಿ, "ಈ ಖಾರ ಇವರಮ್ಮಂದು," ಎಂದು ಹೇಳಿ ಒಲೆ ಆರಿಸಿದ. ಆಮೇಲೆ ಅವಳನ್ನು ನೋಡಿದ. ಕಣ್ಣು ಈ ಸಲ ನಗುತ್ತಿರಲಿಲ್ಲ.

"ಇನ್ನೇನು ಬೇಕು?"

"ನನಗೇನೂ ಬೇಡ. ಅಮ್ಮ ತಿನ್ನದೆ ಬಿಟ್ಟ ಬನ್ನು ಬೇಕು. ಅವಳಿಗೇ ಕೊಡಬೇಕು, ನಿಮ್ಮಪ್ಪನ ಕೈಯಿಂದ."

ಮುದುಕ ಆಗೋದಿಲ್ಲ ಎಂದ. ಹಾಗಾದರೆ ಒಲೆ ಹಚ್ಚುವುದಿಲ್ಲ ಎಂದ ಮಗ. ಅಂಗಡಿಯ ಬಾಗಿಲು ಬಿತ್ತು.

ಈ ಕಡವಿಗೆ ಬರುವಾಗ ಸೂಜಿ ಬಯಸಿದ್ದೆಲ್ಲ ಸಿಕ್ಕಿತ್ತು. ಸಾಲೆಲ್ಲ ಅವಳ ಗಾಡಿಗೇ ಬಂತು, ಬಂದವರೆಲ್ಲ ಸೀದ ಬೆಳ್ಳುಳ್ಳಿಯನ್ನೇ ಕೇಳಿದರು. ಮೀಸೆ ಯಜಮಾನ ಮುಚ್ಚಿದ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ನಿಜವಾಗಿಯೂ ನೊಣ ಹೊಡೆಯುತ್ತ ಕೂತ. ನೋಡಿದಳು, ಕಣ್ತುಂಬ ನೋಡಿದಳು. ಮೊದಲ ದಿನ ಹೊಟ್ಟೆ ತಣ್ಣಗಾಯಿತು. ಎರಡನೆಯ ದಿನ ಮಧ್ಯಾಹ್ನ ಎತ್ತಿಟ್ಟ ತುಂಡು ಹಾಗೇ ಆರಿಹೋಯಿತು. ತಿನ್ನಲು ಯಾರೂ ರಸ್ತೆ ದಾಟಲಿಲ್ಲ. ಏನೋ ಕಮ್ಮಿ ಎಂದು ಅವಳಿಗೇ ಅನಿಸಿತು, ಏನೆಂದು ಗೊತ್ತಿದ್ದೂ ಗೊತ್ತಿಲ್ಲದವಳಂತೆ ಬಾಣಲೆ ಉಜ್ಜಿದಳು.

"ಜಟ್ಟಿ ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ ಅಂತಾನೆ ಮುದುಕ," ಎಂದ ಟಿಕೆಟ್ ಮಾಮ. "ಮಗ ಎದುರಿಗೆ ಊಟ ಬಿಟ್ಟು ಕೂತಿದಾನೆ. ಆ ಮೀಸೆ ಎಷ್ಟು ದಿನ ನಿಗುರುತ್ತೆ ನೋಡೋಣ."

ಹೆಚ್ಚು ದಿನ ನಿಗುರಲಿಲ್ಲ. ಮುದುಕನೇ ರಸ್ತೆ ದಾಟಿ ಬಂದು ಗಾಡಿಯ ಮುಂದೆ ನಿಂತ. ಕೈ ಮೀಸೆಯ ಮೇಲಿರಲಿಲ್ಲ.

"ಅಮ್ಮನ್ನ ಕರೆಸಮ್ಮ," ಅಂದ.

ಭಾನುವಾರದ ಲಾಂಚಿನಲ್ಲಿ ಅಮ್ಮ ಬಂದಳು, ಒಳ್ಳೆಯ ಸೀರೆ ಉಟ್ಟು, ಮಡಿಲಲ್ಲಿ ಅದೇ ಭರಣಿ ಇಟ್ಟುಕೊಂಡು. ಗುಂಡಿಗಳಿರಲಿಲ್ಲ, ತೊಳೆದು ತಂದಿದ್ದಳು. ಅಂಗಡಿಯ ಬಾಗಿಲು ತೆರೆದಿತ್ತು, ಸಾಲಿನ ಜನವೆಲ್ಲ ದಾರಿ ಬಿಟ್ಟರು. ಮುದುಕ ತಾನೇ ಹುರಿದ ಮೀನನ್ನು ಬನ್ನಿನೊಳಗಿಟ್ಟು, ಖಾರ ಸವರಿ, ಎರಡೂ ಕೈಯಲ್ಲಿ ಹಿಡಿದು ನೀಡಿದ. ಅಮ್ಮ ಕಚ್ಚಿದಳು. ಅಗಿದಳು. ಇಡೀ ಕಡವು ಅವಳ ದವಡೆಯನ್ನೇ ನೋಡುತ್ತಿತ್ತು.

"ಬೆಳ್ಳುಳ್ಳಿ ಸೀದಿದೆ," ಅಂದಳು.

"ನೀವು ಮಾಡಿದ ಹಾಗೇ ಮಾಡ್ಕೊಂಡು ಬಂದಿದೀನಿ ತಾಯಿ," ಅಂದ ಮುದುಕ. "ಒಂದು ದಿನವೂ ಬದಲಾಯಿಸಿಲ್ಲ."

ಅಷ್ಟು ಜನರ ಮುಂದೆ ಅದಕ್ಕಿಂತ ದೊಡ್ಡ ತಪ್ಪೊಪ್ಪಿಗೆ ಅವನ ಬಾಯಿಂದ ಬರುವಂತಿರಲಿಲ್ಲ. ಅಮ್ಮ ಅವನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಸ್ಟೂಲು ಎಳೆದುಕೊಂಡು ಅಂಗಡಿಯೊಳಗೇ ಕೂತಳು. ಕ್ಷಮಿಸಿದೆ ಎನ್ನಲಿಲ್ಲ. ಬನ್ನನ್ನು ಸಾವಕಾಶವಾಗಿ ಮುಗಿಸಿ, ಕೈ ಚಾಚಿ, "ಇನ್ನೊಂದು," ಅಂದಳು. ಮುದುಕ ಮತ್ತೆ ಹುರಿಯತೊಡಗಿದ. ಅವನು ಬೆವರುವುದನ್ನು ನೋಡುತ್ತ ಕೂತ ಅಮ್ಮನ ಮುಖದಲ್ಲಿ ಎಷ್ಟೋ ವರ್ಷಗಳ ಹಸಿವು ಕಂಡಿತು.

ರಸ್ತೆಯ ಈಚೆ ಗಾಡಿಯ ಬಳಿ ಮರಿಮೀಸೆ ಬಂದು ನಿಂತಿದ್ದ. ಊಟ ಬಿಟ್ಟ ಮುಖ ಸ್ವಲ್ಪ ಇಳಿದಿತ್ತು. ಸೂಜಿ ಎತ್ತಿಟ್ಟ ತುಂಡನ್ನು ಅವನ ಮುಂದೆ ಸರಿಸಿದಳು.

"ಸೇಡು ತೀರ್ತಾ?" ಎಂದು ಕೇಳಿದ.

"ಅಮ್ಮಂದು ತೀರ್ತಾ ಇದೆ. ನಂದು ಬಾಕಿ ಇದೆ. ದಿನಾ ಬಂದು ಏನೋ ಕಮ್ಮಿ, ಏನೋ ಕಮ್ಮಿ ಅಂದ್ರಲ್ಲ. ಕೋಪದಲ್ಲಿ ಎಷ್ಟು ಈರುಳ್ಳಿ ಕೊಚ್ಚಿದೀನಿ ಗೊತ್ತಾ? ಏನು ಕಮ್ಮಿ, ಇವತ್ತು ಹೇಳಿ."

ಅವನು ಬೆರಳ ತುದಿಯ ಖಾರ ನೆಕ್ಕುತ್ತ ನೆಲ ನೋಡಿದ. "ಕಮ್ಮಿ ಏನೂ ಇರ್ಲಿಲ್ಲ. ಸರಿಯಾಗಿದೆ ಅಂದುಬಿಟ್ಟಿದ್ರೆ, ಮಾರನೇ ದಿನ ಬರೋಕೆ ನೆಪ ಎಲ್ಲಿಂದ ತರ್ಲಿ?"

ಸೂಜಿಗೆ ನಗು ಬಂತು. ಬಂದ ನಗುವನ್ನು ತುಟಿ ಕಚ್ಚಿ ತಡೆದಳು, ಕಣ್ಣಿಗೆ ಮಾತ್ರ ತಡೆಯಲಾಗಲಿಲ್ಲ. ಇಷ್ಟು ಸುಲಭವಾಗಿ ಬಿಟ್ಟುಕೊಟ್ಟರೆ ಅವಳು ಸೂಜಿ ಹೇಗಾದಾಳು?

"ಪಕ್ಕಕ್ಕೆ ಸರಿ," ಅಂದಳು. ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

ಬಗ್ಗಿ ಚಕ್ರದ ಕೆಳಗಿನ ಇಟ್ಟಿಗೆಯನ್ನು ಕಿತ್ತಳು. ಗಾಡಿ ಒಮ್ಮೆ ಅಲುಗಿ, ಯೋಚಿಸಿ, ಹೊರಟಿತು. ಅವನು ಅಭ್ಯಾಸದಿಂದ ಮುಂದಕ್ಕೆ ಹೆಜ್ಜೆಯಿಟ್ಟ. ಸೂಜಿ ಅವನ ಅಂಗಿಯ ತೋಳು ಹಿಡಿದುಕೊಂಡಳು.

"ಈ ಸಲ ತಡೀಬೇಡ."

ಗಾಡಿ ರಸ್ತೆ ದಾಟಿತು. ಈರುಳ್ಳಿಗಳು ಮುಂದೆ ಮುಂದೆ ಉರುಳಿದವು. ಧಡ್ ಎಂದು ಅಂಗಡಿಯ ಕಟ್ಟೆಗೆ ಗುದ್ದಿ ನಿಂತಿತು.

"ಏನದು ಬಿದ್ದಿದ್ದು?" ಎಂದು ಒಳಗಿನಿಂದ ಮುದುಕ ಗಾಬರಿಯಾದ.

ಅಮ್ಮ ಬಾಗಿಲಾಚೆ ಇಣುಕಿದಳು. ಗಾಡಿಯನ್ನು ನೋಡಿದಳು, ರಸ್ತೆಯಾಚೆ ಇನ್ನೂ ತೋಳು ಹಿಡಿದೇ ನಿಂತಿದ್ದ ಇಬ್ಬರನ್ನು ನೋಡಿದಳು, ಬಾಯೊಳಗಿನ ತುತ್ತನ್ನು ನಿಧಾನಕ್ಕೆ ನುಂಗಿದಳು.

"ಏನೂ ಬಿದ್ದಿಲ್ಲ," ಅಂದಳು. "ನೀವು ಇನ್ನೊಂದು ಕೊಡಿ."