ಎಂಜಲು ರೀಡು

ಒಂಬತ್ತು ವರ್ಷ ಬಿಟ್ಟು ಸ್ಯಾಕ್ಸಫೋನ್ ಪೆಟ್ಟಿಗೆ ತೆಗೆದೆ. ಧನಗೆರೆಯ ಮದುವೆಗೆ ನುಡಿಸುತ್ತೇನೆಂದು ಮಾತು ಕೊಟ್ಟಾಗಿತ್ತು. ಊದುವ ತುದಿಗೆ ಬಿಗಿಯುವ ಒಣಗಿದ ಬೆತ್ತದ ರೀಡನ್ನು ಮೊದಲು ಬಾಯಲ್ಲಿಟ್ಟು ನೆನೆಸಬೇಕು, ಇಲ್ಲದಿದ್ದರೆ ಸ್ವರ ಏಳುವುದಿಲ್ಲ. ನನ್ನದು ಆಗಲೇ ಒದ್ದೆಯಾಗಿತ್ತು, ಬೆಚ್ಚಗಿತ್ತು, ಎಲೆಅಡಿಕೆ ನಾರುತ್ತಿತ್ತು.

“ಯಾರೇ ಇದ್ನ ಬಾಯ್ಗಿಟ್ಕಂಡೋರು?” ಎಂದು ರೇಗಿದೆ.

“ನಿಮ್ ಎಂಜ್ಲು ಪೀಪಿ ನಂಗ್ಯಾಕೆ? ಈ ಮನೇಲಿ ಎಲೆ ಆಕೋರು ಯಾರವ್ರೆ?” ಎಂದಳು ಹೆಂಡತಿ ರಾಣಿ.

ತೊಳೆದು ಒಣಗಿಸಿ ಪೆಟ್ಟಿಗೆಗೆ ಬೀಗ ಹಾಕಿದೆ. ಮರುದಿನವೂ ಅದೇ ಗೋಳು. ಹೊಸ ರೀಡು ತಂದಿಟ್ಟು, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡೆ. ಮದುವೆ ಚಪ್ಪರದಲ್ಲಿ ತೆಗೆದರೆ ಅದೂ ಒದ್ದೆ. ಮುಹೂರ್ತ ಮೀರುತ್ತಿತ್ತು, ಬೇಸತ್ತು ಹಾಗೇ ಊದಿದೆ.

“ಒಂಬತ್ತು ವರ್ಷ ಬುಟ್ಟಿದ್ದೋನು ಒಂದ್ ಬೆರಳೂ ತಪ್ಲಿಲ್ವಲ್ಲಾ!” ಎಂದ ಡೋಲಿನ ಮಾದಸ್ವಾಮಿ, ನುಡಿಸಿ ಮುಗಿಸಿದಾಗ.

ಒರೆಸಿಡಲು ರೀಡು ಬಿಚ್ಚಿದೆ. ಒಂದು ಗಂಟೆ ನನ್ನ ಬಾಯಲ್ಲೇ ಇದ್ದದ್ದು, ಅಂಗಡಿಯಿಂದ ತಂದ ದಿನದಂತೆ ಒಣಗಿತ್ತು.