ಬರ್ತೀನಿ ಎಂದು ಹೋದವರು

ಆ ದಿನ ಚಂದ್ರಮೋಹನ ‘ರೀ’ ಬಿಟ್ಟು ಮಾತಾಡಿದ. ಏನೋ ಕೆಟ್ಟದ್ದಾಗಿದೆ ಎಂದು ರಾಜೇಶ್ವರಿಗೆ ತಿಳಿದದ್ದೇ ಅದರಿಂದ.

“ಆಜಿ ಹೋದ್ಲು” ಎಂದಷ್ಟೇ ಹೇಳಿ ಲಂಚ್‌ರೂಮಿನ ಬೆಂಚಿನ ಮೇಲೆ ಕುಳಿತ. ಫಿಜಿಯ ಲಂಬಾಸ ಊರಿನಿಂದ ಬೆಳಿಗ್ಗೆ ಫೋನು ಬಂದಿತ್ತಂತೆ. ತಂದೆತಾಯಿ ಇಲ್ಲದ ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ಆ ಅಜ್ಜಿ. ರಾಜೇಶ್ವರಿ ಊಟದ ಡಬ್ಬಿಯ ಮುಚ್ಚಳ ಹಾಕಿ, ಸುತ್ತ ಜನರಿದ್ದರೂ, ಅವನ ಕೈ ಮೇಲೆ ಕೈಯಿಟ್ಟಳು. ಅದೇ ಮೊದಲು.

ಕೆನಡಾದ ರೆಕ್ಸ್‌ಡೇಲಿನ ಬಿಸ್ಕೆಟ್ ಫ್ಯಾಕ್ಟರಿಯಲ್ಲಿ ಇಬ್ಬರದೂ ಒಂದೇ ಶಿಫ್ಟು. ಅವಳು ಹುಬ್ಬಳ್ಳಿಯವಳು, ಇಲ್ಲಿನ ಪೌರತ್ವ ಪಡೆದವಳು. ಅವನು ಫಿಜಿಯಲ್ಲಿ ಹುಟ್ಟಿದವನು. ಅವನ ಅಜ್ಜಿಯ ತಾಯಿ ಬಳ್ಳಾರಿ ಕಡೆಯಿಂದ ಕಬ್ಬಿನ ಕೂಲಿಗೆಂದು ಹಡಗು ಹತ್ತಿದ್ದಳು. ಕಾಲ ಸರಿದಂತೆ ಮನೆಮಾತು ಹಿಂದಿಯಾಗಿ, ಕನ್ನಡ ಒಂದೆರಡು ಪದಕ್ಕೆ ಇಳಿದಿತ್ತು. ಚಳಿಗಾಲವೆಲ್ಲ ಬಸ್ ಸ್ಟಾಪಿನಲ್ಲಿ ನಿಂತು ರಾಜೇಶ್ವರಿ ಅವನಿಗೆ ಕನ್ನಡ ಕಲಿಸಿದಳು. ಮರ್ಯಾದೆಗೆ ‘ರೀ’ ಸೇರಿಸಬೇಕು ಎಂದದ್ದೇ ತಪ್ಪಾಯಿತು.

“ಸ್ನೋ ಬಿತ್ರೀ. ಬಸ್ ಬರ್ಲಿಲ್ರೀ. ಅಳಿಲ್ ಓಡ್ತ್ರೀ.”

“ಅಳಿಲಿಗೂ ಮರ್ಯಾದಿ ಏನ್ರಿ?”

“ನಿಮ್ ದೇಶದ ಅಳಿಲ್ರೀ. ನನಗ ಹೆದರಿಕಿ.”

ಉಣ್ಣೆ ಟೋಪಿಯ ಅಂಚಿನ ಕೆಳಗಿನಿಂದ ಅವನು ನೋಡಿ ನಗುತ್ತಿದ್ದ. ಅವಳು ನೋಟ ತಪ್ಪಿಸಿ ಬಸ್ಸು ಬರುವ ದಿಕ್ಕಿಗೆ ತಿರುಗುತ್ತಿದ್ದಳು. ಬಸ್ಸು ಇನ್ನಷ್ಟು ತಡವಾಗಲಿ ಎಂದು ಮನಸ್ಸಿನಲ್ಲೇ ದೇವರನ್ನು ಬೇಡುತ್ತಿದ್ದಳು.

ಹಿಂದಿನ ವರ್ಷ ಫಿಜಿಯಲ್ಲಿ ಬಂದೂಕು ಹಿಡಿದವರು ಸರ್ಕಾರ ಉರುಳಿಸಿದ್ದರು. ಭಾರತೀಯ ಮೂಲದವರ ಮೇಲೆ ದಾಳಿ ನಡೆದು ಚಂದ್ರಮೋಹನನ ಮನೆಗೂ ಕಲ್ಲು ಬಿದ್ದಾಗ ಅವನು ಆಶ್ರಯ ಕೇಳಿ ಇಲ್ಲಿಗೆ ಬಂದಿದ್ದ. ಅಜ್ಜಿ ಮಾತ್ರ ಮನೆ ಬಿಡಲಿಲ್ಲ. ಚುನಾವಣೆ ನಡೆಯುವವರೆಗೆ ಎಂದು ಅಲ್ಲೊಂದು ಹಂಗಾಮಿ ಸರ್ಕಾರ ಕುಳಿತಿತ್ತು. ಆ ಪದವನ್ನೂ ಕಲಿಸಿದವಳು ರಾಜೇಶ್ವರಿಯೇ.

“ಹಂಗಾಮಿ ಅಂದ್ರ ಸ್ವಲ್ಪ ದಿನ ಇರೋದು. ಖಾಯಂ ಅಂದ್ರ ಹೋಗದೇ ಇರೋದು.”

“ಹಂಗಾದ್ರ ಕೆನಡಾದಾಗ ನಾನೂ ಹಂಗಾಮಿರೀ.”

ಅಂದು ಇಬ್ಬರೂ ನಕ್ಕಿದ್ದರು. ಈಗ ಆ ಮಾತೇ ಎದುರು ಬಂದು ನಿಂತಿತ್ತು. ಆಶ್ರಯದ ಅರ್ಜಿ ತೀರ್ಮಾನವಾಗುವ ಮುಂಚೆ ದೇಶ ಬಿಟ್ಟರೆ ಅರ್ಜಿ ಬಿದ್ದುಹೋಗುತ್ತದೆ ಎಂದು ವಕೀಲರು ಎಚ್ಚರಿಸಿದ್ದರು.

“ಆಜಿ ಕ್ರಿಯಾ ಯಾರ್ ಮಾಡ್ತಾರ? ನಾ ಒಬ್ಬನೇ ಇರೋದು.”

ಬೇಡ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. “ಹೋಗ್ರಿ. ಸಾಕಿದ ಋಣ ಅದು” ಎಂದಳು.

ವಿಮಾನ ನಿಲ್ದಾಣಕ್ಕೆ, ತೀರಿಹೋದ ಅವನ ಚಿಕ್ಕಪ್ಪನ ಮಗಳು, ಕೆನಡಾದಲ್ಲೇ ಇದ್ದ ರತ್ನಾ ಕೂಡ ಬಂದಿದ್ದಳು. ಗಾಜಿನ ಬಾಗಿಲ ಬಳಿ ಅವನು ತಿರುಗಿ ನಿಂತು, ರಾಜೇಶ್ವರಿಯನ್ನು ಕಣ್ತುಂಬ ನೋಡಿ, “ಬರ್ತೀನಿ” ಎಂದ.

ಅವಳ ಮುಖ ಅರಳಿತು. ಪಕ್ಕದಲ್ಲಿ ರತ್ನಾ ಬಿಕ್ಕಿ ಬಿಕ್ಕಿ ಅಳತೊಡಗಿದಳು. ಯಾಕೆಂದು ಕೇಳಿದರೆ ತನ್ನ ಹಿಂದಿಯಲ್ಲಿ ಹೇಳಿದಳು:

“ದೀದಿ, ನಮ್ಮ ಮನೆಯಲ್ಲಿ ಆ ಮಾತನ್ನು ಸುಮ್ಮನೆ ಆಡುವುದಿಲ್ಲ. ಇನ್ನೆಂದೂ ನೋಡದವರಿಗೆ ಹೇಳುವುದು ಅದು. ಮುತ್ತಜ್ಜಿ ಊರು ಬಿಡುವಾಗ ತನ್ನ ತಾಯಿಗೆ ಹೇಳಿದ್ದಳಂತೆ. ಹೆಣ ಎತ್ತುವಾಗಲೂ ನಾವು ಅದನ್ನೇ ಹೇಳುತ್ತೇವೆ.”

ರಾಜೇಶ್ವರಿ ಬಾಗಿಲ ಕಡೆ ನೋಡಿದಳು. ಅವನು ಆಗಲೇ ಒಳಗೆ ಹೋಗಿದ್ದ. ಚಳಿಗಾಲವೆಲ್ಲ ಕನ್ನಡ ಕಲಿಸಿದವಳು, ತಾನು ಮಾತ್ರ ದಿನವೂ “ಬೈ” ಎಂದು ಬಸ್ಸಿಳಿದು ಹೋಗಿದ್ದಳು; ‘ಬರ್ತೀನಿ’ ಎಂಬುದನ್ನು ಕಲಿಸಿರಲೇ ಇಲ್ಲ.

ಕ್ರಿಯೆಗಳೆಲ್ಲ ಮುಗಿಯಲಿ ಎಂದು ಕಾದು, ಒಂದು ಭಾನುವಾರ ಫೋನ್ ಕಾರ್ಡು ತಂದು ಲಂಬಾಸಕ್ಕೆ ಕರೆ ಮಾಡಿದಳು.

“ಬರ್ತೀನಿ ಅಂದ್ರ ಏನಂತ ತಿಳ್ಕೊಂಡೀರಿ?”

“ಅಲ್ವಿದಾ ಅಂತ. ನಿಮ್ಮನ್ನ ಕಾಯಾಕ ಹಚ್ಚಬಾರ್ದು ಅಂತ...”

“ಅಲ್ರಿ! ತಿರುಗಿ ಬರ್ತೀನಿ ಅಂತ ಅದು. ಹೊರಡೋ ಮುಂದ ನಾವು ಹೋಗ್ತೀನಿ ಅನ್ನಂಗಿಲ್ಲ. ಬರ್ತೀನಿ ಅಂತೀವಿ.”



“ಹಂಗಾದ್ರ ಮುತ್ತಜ್ಜಿ... ತಿರುಗಿ ಬರ್ತೀನಿ ಅಂದಿದ್ಲೇನು ಅವರವ್ವಗ?”

“ಹೌದ್ರಿ.”

“ಆಕಿ ಕಾದಿರಬೇಕು.”

“ಕಾದಿರ್ತಾಳ.” ಎಂದಳು ರಾಜೇಶ್ವರಿ. “ನಾನೂ ಕಾಯ್ತೀನಿ. ಆದ್ರ ನನ್ನ ಕೈಯಾಗ ಫೋನ್ ಐತಿ, ಸುಮ್ನ ಕೂಡಾಕಿ ಅಲ್ಲ.”

ಅವನು ಅಳುತ್ತಲೇ ನಕ್ಕ. “ಆಜಿಗೆ ವೋಟ್ ಹಾಕೋ ಆಸೆ ಇತ್ತು. ಆಕಿ ಬದ್ಲಿ ಕ್ಯೂದಾಗ ನಾ ನಿಲ್ತೀನಿ. ಚುನಾವಣಿ ಆಗ್ಲಿರೀ.”

‘ರೀ’ ಮರಳಿತ್ತು.

ಆ ಬೇಸಿಗೆಯೆಲ್ಲ ರಾಜೇಶ್ವರಿ ಲೈಬ್ರರಿಗೆ ಹೋಗಿ ಕಂಪ್ಯೂಟರಿನಲ್ಲಿ ಫಿಜಿಯ ಸುದ್ದಿ ಓದಿದಳು. ಎಲ್ಲಿ ಮತ್ತೆ ಬಂದೂಕು ಎದ್ದೀತೋ ಎಂದು ಹೆದರುತ್ತ, ಶಿಫ್ಟಿಗೆ ಹೋಗುವ ಮೊದಲು ದೇವರಿಗೆ ಹೂವು ಏರಿಸಿದಳು. ಸೆಪ್ಟೆಂಬರಿನಲ್ಲಿ ಅವನ ಫೋನು ಬಂತು.

“ಹಂಗಾಮಿ ಇದ್ದೋರೇ ಗೆದ್ರೀ. ಖಾಯಂ ಆಗ್ಬಿಟ್ರು.” ಸ್ವಲ್ಪ ತಡೆದು ಕೇಳಿದ, “ನಮ್ದೇನ್ರಿ?”

“ನಮ್ದೂ ಖಾಯಂ ಮಾಡೂಣು. ಅಲ್ಲೇ, ಆಜಿ ಮನ್ಯಾಗ ಮದುವಿ. ಗಂಡನ್ನ ಕರಕೊಂಡು ಬರಾಕ ನನಗ ಹಕ್ಕೈತಿ. ಬರ್ತೀನಿ.”

“ಯಾವ ಅರ್ಥದಾಗರೀ?”

“ನಮ್ಮ ಅರ್ಥದಾಗ!”

ಹೇಳಿದಂತೆ ಹೋಗಿ ಮದುವೆಯಾಗಿ ಬಂದಳು. ಕಾಗದಪತ್ರಗಳೆಲ್ಲ ಮುಗಿದು, ಮರುವರ್ಷ ವಸಂತದಲ್ಲಿ ಲೈಲಾಕ್ ಗಿಡಗಳು ಹೂಬಿಡುವ ಹೊತ್ತಿಗೆ, ಅದೇ ವಿಮಾನ ನಿಲ್ದಾಣದಲ್ಲಿ ಅವನು ಟ್ರಾಲಿ ತಳ್ಳುತ್ತ ಹೊರಗೆ ಬಂದ.

“ಬಂದೆರೀ” ಎಂದ.

ಮನೆಗೆ ಹೋಗಿ ಕೈಕಾಲು ತೊಳೆದು ಅಜ್ಜಿಯ ಪಟದ ಮುಂದೆ ಇಬ್ಬರೂ ದೀಪ ಹಚ್ಚಿದರು. ರಾಜೇಶ್ವರಿ ಕಣ್ಣು ಮುಚ್ಚಿ ಕೈಮುಗಿದಳು.

“ಸ್ವಾಮಿ, ಬರ್ತೀನಿ ಎಂದು ಹೊರಟು ಬರಲಾಗದೆ ಹೋದ ಆ ಮಗಳನ್ನೂ, ಬಾಗಿಲಲ್ಲಿ ಕಾದು ಕಣ್ಣುಮುಚ್ಚಿದ ಆ ತಾಯಿಯನ್ನೂ ನಿನ್ನ ಪಾದದ ಬಳಿ ಒಂದುಗೂಡಿಸು. ಅವರ ಮಾತನ್ನು ಕಾಪಾಡಿಟ್ಟ ನಮ್ಮ ಆಜಿಯ ಆತ್ಮಕ್ಕೆ ಶಾಂತಿ ಕೊಡು.”