ಚೆನ್ನೆಮಣೆಯ ಎದುರು ಬದಿ

"ಚೆನ್ನೆ ಆಡ್ಲಿಕ್ಕೆ ನಿಮ್ಮ ಕಂಪ್ಯೂಟರಿಗೆ ಕೈ ಉಂಟಾ ರತ್ನಾಕರಣ್ಣ?"

ಹರಿಣಾಕ್ಷಿ ಹೀಗೆ ಕೇಳಿದ್ದೇ ತಡ, ದಾಮೋದರರ ಮನೆಯ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದವರೆಲ್ಲ ಗೊಳ್ಳೆಂದು ನಕ್ಕರು. ತಿರುವನಂತಪುರದಲ್ಲಿ ನೌಕರಿಗಿದ್ದ ಕನ್ನಡದ ಮನೆಯವರು ಭಾನುವಾರ ಅಲ್ಲಿ ಸೇರುವುದು ರೂಢಿ. ಹರಿಣಾಕ್ಷಿ ದಾಮೋದರರ ನಾದಿನಿ, ನಗರದ ತಂಪಾನೂರಿನ ಬ್ಯಾಂಕಿನಲ್ಲಿ ಗುಮಾಸ್ತೆ. ರತ್ನಾಕರ ನಗರದ ಹೊರಗೆ ತುಂಬಾ ಎಂಬಲ್ಲಿದ್ದ ರಾಕೆಟ್ ಕೇಂದ್ರದಲ್ಲಿ ಎಂಜಿನಿಯರ್. ಇಬ್ಬರದೂ ಕಾಸರಗೋಡಿನ ಕಡೆ.

ನಗದೆ ಉಳಿದವನು ರತ್ನಾಕರ ಒಬ್ಬನೇ. ಅವನಿಗೆ ಚುಚ್ಚಿದ್ದು ಕೈಯ ಮಾತಲ್ಲ, ಕೊನೆಯ ಆ 'ಅಣ್ಣ'. ಊರಿನಲ್ಲಿ ಅಂಗಡಿಯವನೂ ಅಣ್ಣನೇ, ಕಂಡಕ್ಟರನೂ ಅಣ್ಣನೇ ಎಂದು ಅವನಿಗೆ ಗೊತ್ತಿಲ್ಲವೆಂದಲ್ಲ. ಆದರೆ ಅಂಥ ಕಣ್ಣು, ಅಂಥ ತುಂಟ ನಗೆ ಎದುರಿಗಿರುವಾಗ ಅಣ್ಣನಾಗಿ ಕೂರುವುದು ಯಾರಿಗೆ ಬೇಕು, ಹೇಳಿ?

"ಕೈ ಇಲ್ಲ," ಎಂದ. "ಆದ್ರೆ ಅದನ್ನು ಸೋಲಿಸಿದವರೂ ಇಲ್ಲ."

ಮಾತು ಸುಳ್ಳಲ್ಲ. ಆಫೀಸಿನಲ್ಲಿ ಕೋಣೆ ತುಂಬ ನಿಂತಿದ್ದ ಆ ಯಂತ್ರಕ್ಕೆ ಅವನೇ ಚೆನ್ನೆ ಕಲಿಸಿದ್ದ. ಆಟ ನೋಡಲು ಸುಲಭ. ಮಣೆಯಲ್ಲಿ ಎರಡು ಸಾಲು ಗುಳಿ, ಒಂದು ನಮ್ಮದು, ಒಂದು ಎದುರಿನವರದು. ನಮ್ಮ ಒಂದು ಗುಳಿಯ ಕಾಯಿಗಳನ್ನೆಲ್ಲ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಹೋಗುವುದು. ಕೈ ಬರಿದಾದಾಗ ಮುಂದಿನ ಗುಳಿಯಲ್ಲಿ ಕಾಯಿ ಇದ್ದರೆ ಎತ್ತಿ ಮುಂದುವರಿಯುವುದು, ಖಾಲಿ ಇದ್ದರೆ ಅದರಾಚೆಯ ಗುಳಿಯದ್ದು ನಮ್ಮ ಗಳಿಕೆ. ಮನುಷ್ಯ ಒಂದೆರಡು ಸುತ್ತು ಲೆಕ್ಕ ಹಾಕುವಷ್ಟರಲ್ಲಿ ಯಂತ್ರ ಹತ್ತಾರು ದಾರಿ ನೋಡಿ ಮುಗಿಸುತ್ತಿತ್ತು. ಆಫೀಸಿನ ಘಟಾನುಘಟಿಗಳೆಲ್ಲ ಅದರ ಮುಂದೆ ಮಣ್ಣು ಮುಕ್ಕಿದ್ದರು.

"ನಾನು ಆಡ್ತೇನೆ," ಎಂದಳು ಹರಿಣಾಕ್ಷಿ.

ರಾಕೆಟ್ ಕೇಂದ್ರದ ಆಫೀಸ್ ಬಸ್ಸು ಬೆಳಿಗ್ಗೆ ತಂಪಾನೂರಿನಲ್ಲಿ ನಿಲ್ಲುತ್ತಿತ್ತು. ಬ್ಯಾಂಕಿಗೆ ಹೋಗುವ ದಾರಿಯಲ್ಲಿ ಅವಳು ಬಂದು ತನ್ನ ಗುಳಿ ಯಾವುದೆಂದು ಹೇಳುವಳು. ಅವನು ಅದನ್ನು ಯಂತ್ರ ಓದುವ ರಟ್ಟಿನ ಕಾರ್ಡಿನಲ್ಲಿ ತೂತುಗಳಾಗಿ ಪಂಚ್ ಮಾಡಿ, ದೊಡ್ಡ ಕೆಲಸಗಳೆಲ್ಲ ಮುಗಿದ ಮೇಲೆ ಸಾಹೇಬರ ಅನುಮತಿಯಿಂದ ಯಂತ್ರಕ್ಕೆ ಕೊಡುವನು. ಯಂತ್ರದ ಉತ್ತರ ಮರುದಿನ. ಹೀಗೆ ದಿನಕ್ಕೆ ಒಂದೇ ನಡೆ.

ಆ ಒಂದು ನಡೆಗಾಗಿ ಅವನು ಉಳಿದ ಹೊತ್ತೆಲ್ಲ ಬದುಕಿದ. ಅವಳು ಗುಳಿಯ ನಂಬರು ಹೇಳುವ ಮೊದಲು ಕೆಳದುಟಿ ಕಚ್ಚಿ, ಕೊಡೆಯ ತುದಿಯಿಂದ ನೆಲ ಗೀರಿ, ಓರೆಗಣ್ಣಲ್ಲಿ ಅವನನ್ನೊಮ್ಮೆ ನೋಡುತ್ತಿದ್ದಳು. ಅಷ್ಟರಲ್ಲಿ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ಹಾಳಾದವನು!

ಮೊದಲ ಆಟದಲ್ಲಿ ಅವಳು ಸೋತಳು.

"ಅದಕ್ಕೆ ಮುಖ ಇಲ್ಲ ಅಲ್ವಾ?" ಎಂದಳು ಕೊರಗುತ್ತ. "ನಾನು ಎದುರು ಕೂತವರ ಮುಖ ನೋಡಿ ಆಡುವವಳು. ಇದರ ಮನಸ್ಸಲ್ಲಿ ಎಂತ ಉಂಟೂಂತ ತಿಳಿಯುದು ಹೇಗೆ?"

"ಮನಸ್ಸೇ ಇಲ್ಲ. ಎಲ್ಲಿ ಹೆಚ್ಚು ಕಾಯಿ ಸಿಗ್ತದೆ ಅಂತ ನೋಡ್ತದೆ, ಅಷ್ಟೆ."

ಎರಡನೆಯ ಆಟವೂ ಹೋಯಿತು. ಆದರೆ ಈ ಸಲ ಅವಳು ಕೊರಗಲಿಲ್ಲ. "ನಿಮ್ಮ ಯಂತ್ರಕ್ಕೆ ಒಂದು ಮಾತು ಬರುದಿಲ್ಲ, ಗೊತ್ತುಂಟಾ? 'ಬೇಡ' ಅಂತ ಹೇಳ್ಲಿಕ್ಕೆ ಬರುದಿಲ್ಲ," ಎಂದು ನಕ್ಕಳು.

ಮೂರನೆಯ ಆಟದ ನಡುವೆ ಅವಳಿಗೆ ಕೊಚ್ಚಿಗೆ ವರ್ಗವಾಯಿತು. ವಿಲ್ಲಿಂಗ್ಡನ್ ಐಲ್ಯಾಂಡಿನ ಬ್ರಾಂಚು. ಸುದ್ದಿ ಕೇಳಿದ ದಿನ ರತ್ನಾಕರನಿಗೆ ಬಸ್ಸು ಹತ್ತಿದ್ದೂ ಗೊತ್ತಾಗಲಿಲ್ಲ, ಇಳಿದದ್ದೂ ಗೊತ್ತಾಗಲಿಲ್ಲ. ಹೇಳಿಬಿಡಬೇಕು ಎಂದುಕೊಂಡ. ಹೇಳಿದ ಮೇಲೆ ಅವಳು "ಅಯ್ಯೋ, ಅಣ್ಣಾ!" ಎಂದರೆ? ರಾಕೆಟ್ಟು ಹಾರಿಸುವವರ ನಡುವೆ ಇದ್ದ ಗಂಡಸಿಗೆ ಒಂದು ಮಾತು ಹಾರಿಸುವ ಧೈರ್ಯ ಬರಲಿಲ್ಲ.

ಆಟದಲ್ಲಂತೂ ಅವಳು ಹುಚ್ಚಿಯಂತೆ ಕಾಯಿ ಬಿಟ್ಟುಕೊಡುತ್ತಿದ್ದಳು. ಇಲ್ಲಿ ಎರಡು, ಅಲ್ಲಿ ಮೂರು. ಯಂತ್ರ ಎಲ್ಲವನ್ನೂ ಬಾಚಿಕೊಳ್ಳುತ್ತಿತ್ತು. ಇತ್ತ ಅವಳ ಕೊನೆಯ ಗುಳಿಯಲ್ಲಿ ಕಾಯಿಗಳು ಸದ್ದಿಲ್ಲದೆ ಗುಡ್ಡೆಯಾಗುತ್ತಿದ್ದವು. ಹೊರಡುವ ವಾರ ಅವಳು ಆ ಗುಳಿಯ ನಂಬರು ಹೇಳಿದಳು. ಅಂದು ಒಂದೇ ನಡೆಗೆ ಅರ್ಧ ಮಣೆ ಅವಳದಾಯಿತು. ಆಮೇಲಿನದೆಲ್ಲ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ.

ಅವಳ ಕಡೆಯ ಕಾರ್ಡನ್ನು ಕೊಟ್ಟು ರತ್ನಾಕರ ಪ್ರಿಂಟರಿನ ಮುಂದೆ ನಿಂತ. ಯಂತ್ರ ಯೋಚಿಸಿತು. ಯಾವತ್ತೂ ಅಷ್ಟು ಹೊತ್ತು ಯೋಚಿಸಿದ್ದಿಲ್ಲ ಎಂದು ಅವನಿಗೆ ಅನಿಸಿತು. ಕೊನೆಗೆ ಕಾಗದದ ಮೇಲೆ ಒಂದು ಸೊನ್ನೆ ಬಿತ್ತು. ಎತ್ತಲು ಒಂದು ಗುಳಿಯೂ ಉಳಿದಿಲ್ಲ, ಯಂತ್ರ ಸೋತಿದೆ ಎಂದು ಅದರರ್ಥ. ಅತಿ ಆಸೆ ಗತಿ ಕೇಡು ಎಂಬುದನ್ನು ಅವನು ಯಂತ್ರಕ್ಕೆ ಕಲಿಸಿರಲಿಲ್ಲ. ಸಾಹೇಬರು ಬಂದು ನೋಡಿದರು, ಆಪರೇಟರುಗಳು ಬಂದು ನೋಡಿದರು, ಎಲ್ಲರೂ ಮೂಗಿನ ಮೇಲೆ ಬೆರಳಿಟ್ಟರು. ಅವನಿಗೆ ಮೈ ಜುಮ್ಮೆಂದಿತು. ಇಂಥ ಬುದ್ಧಿಯ ಎದುರು ದಿನವೂ ನಿಂತು ತಾನು ನೋಡಿದ್ದು ಬರೀ ಕಣ್ಣನ್ನೇ ಎಂದು ನಾಚಿಕೆಯೂ ಆಯಿತು.

ಮರುದಿನ ರೈಲ್ವೆ ಸ್ಟೇಷನ್ನಿನಲ್ಲಿ ಸುದ್ದಿ ಹೇಳಿದ. "ಸೊನ್ನೆಯಾ!" ಎಂದು ಅವಳು ಮಗುವಿನಂತೆ ಚಪ್ಪಾಳೆ ತಟ್ಟಿದಳು. ದಾಮೋದರ ದಂಪತಿ ಸಾಮಾನಿನ ಗೋಳಿನಲ್ಲಿದ್ದರು. ಕೊಚ್ಚಿಯ ರೈಲು ಹೊರಡಲು ಇನ್ನೂ ಹೊತ್ತಿತ್ತು. ಅವಳು ಬ್ಯಾಗಿನಿಂದ ಚೆನ್ನೆಮಣೆ ತೆಗೆದು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲಿಟ್ಟು, ಕಾಯಿ ತುಂಬಿಸಿ, ಒಂದು ಕಡೆ ಕೂತಳು.

"ಯಂತ್ರದೊಟ್ಟಿಗೆ ಆಡಿ ಸಾಕಾಯ್ತು. ನೀವು ಕೂತ್ಕೊಳ್ಳಿ ಈಗ."

ಅವನು ಕೂರಲಿಲ್ಲ. ಇಷ್ಟು ದಿನ ನುಂಗಿದ್ದನ್ನು ಹೇಳಿಯೇಬಿಟ್ಟ. "ಒಡಹುಟ್ಟಿದವರು ಚೆನ್ನೆಗೆ ಎದುರುಬದುರು ಕೂರ್ಬಾರ್ದು ಅಂತ ನಮ್ಮ ಕಡೆ ಹೇಳುದುಂಟು. ನೀವು ನನ್ನನ್ನು ಅಣ್ಣ ಅಂತೀರಿ. ನಾನು ಹೇಗೆ ಕೂರುದು?"

ಅವಳು ತಲೆಯೆತ್ತಲಿಲ್ಲ. ಕಾಯಿಗಳನ್ನು ಸರಿಪಡಿಸುತ್ತಿದ್ದ ಬೆರಳುಗಳು ಮಾತ್ರ ನಿಂತವು.

"ಅದು ಗೊತ್ತಿದ್ದೇ ಮಣೆ ಇಟ್ಟದ್ದು," ಎಂದಳು ಮೆಲ್ಲಗೆ. "ಇನ್ನು ಅಣ್ಣ ಅಂತ ಕರಿಯುದಿಲ್ಲ."

"ಮತ್ತೆ? ಹೆಸರು ಹಿಡಿದು ಕರೀತೀರಾ?"

"ಅದೂ ಆಗುದಿಲ್ಲ."

"ಯಾಕೆ?"

"ಎಂತ ಮಾರಾಯ್ರೆ, ಇಷ್ಟು ದೊಡ್ಡ ಎಂಜಿನಿಯರ್ ನೀವು! ಹೆಸರು ಹಿಡಿದು ಕರೀಲಿಕ್ಕಾಗದವರು ಹೆಂಗಸರಿಗೆ ಎಷ್ಟು ಜನ ಇರ್ತಾರೆ?" ಕೆನ್ನೆ ಕೆಂಪಾಗಿತ್ತು. "ಅಮ್ಮ ಅಪ್ಪನನ್ನು ಇವತ್ತಿಗೂ 'ಇವರೇ' ಅಂತಲೇ ಕರಿಯುದು."

ರತ್ನಾಕರ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ಅವಳು ಒಂದು ಗುಳಿಯ ಕಾಯಿಗಳನ್ನೆತ್ತಿ, ಒಂದೊಂದಾಗಿ ಅವನ ಸಾಲಿನವರೆಗೂ ಹಾಕಿ, ಮುಂದಿನ ಗುಳಿಯಲ್ಲಿ ಕಾಯಿ ಇದ್ದರೂ ಎತ್ತದೆ ಬರಿಗೈ ಬಿಡಿಸಿ ತೋರಿಸಿದಳು.

"ನನ್ನ ಸರದಿ ಮುಗೀತು, ಇವರೇ. ಇನ್ನು ನಿಮ್ಮದು."

ಅವನು ಮಣೆಯತ್ತ ನೋಡಲೇ ಇಲ್ಲ. "ಬರುವ ಭಾನುವಾರ ಅಮ್ಮನನ್ನು ಕರ್ಕೊಂಡು ಕೊಚ್ಚಿಗೆ ಬರ್ತೇನೆ," ಎಂದ.